ತಾನಾಗಿಯೇ

ಮೇಜನ್ನು ಕಿಟಕಿಯ ಪಕ್ಕದಿಂದ ಎತ್ತಿ ಕಾರಿಡಾರಿಗೆ ಸಾಗಿಸುವಾಗ ಅರ್ಕಾದಿ ಫೊಮಿಚ್ ತಾನೇ ಒಂದು ತುದಿ ಹಿಡಿದಿದ್ದ, ಹಿಡಿದು ನಕ್ಕಿದ್ದ. ಆ ನಗು ಮಧ್ಯಾಹ್ನ ಊಟಕ್ಕೆಂದು ಮನೆ ಕಡೆ ಹೊರಟಾಗಲೂ ಮುಖದ ಮೇಲೆ ಹಾಗೇ ಅಂಟಿಕೊಂಡಿತ್ತು, ಒಣಗಿದ ಪ್ಲಾಸ್ಟರಿನ ಹಾಗೆ. ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕಟ್ಟುಹಲ್ಲು ಮಾಡುವುದು ಅವನ ಕೆಲಸ. ಹಲ್ಲಿನ ಬಣ್ಣ ಹೊಂದಿಸಬೇಕಾದರೆ ಹಗಲಿನ ಬೆಳಕೇ ಬೇಕು. ಬಲ್ಬಿನ ಕೆಳಗೆ ಎಲ್ಲ ಹಲ್ಲೂ ಸತ್ತವನ ಹಲ್ಲಿನಂತೆ ಕಾಣುತ್ತದೆ. ಇದು ಮುಖ್ಯಸ್ಥೆಗೂ ಗೊತ್ತು. ಗೊತ್ತಿದ್ದೇ ಬೆಳಿಗ್ಗೆ ಬಂದು, ಅವನ ಹೆಗಲ ಮೇಲೆ ಕೈಯಿಟ್ಟು, "ಅರ್ಕಾದಿ ಫೊಮಿಚ್, ಹೊಸಬರಿಗೆ ಕಿಟಕಿ ಬಿಟ್ಕೊಡಿ. ನೀವು ಗಲಾಟೆ ಮಾಡೋ ಪೈಕಿ ಅಲ್ವಲ್ಲ, ಅದಕ್ಕೇ ನಿಮ್ಮನ್ನ ಕೇಳ್ತಿರೋದು" ಎಂದಿದ್ದಳು. ಗಲಾಟೆ ಮಾಡುವ ಪೈಕಿಯವರನ್ನು ಕೇಳುವುದಿಲ್ಲ. ಇಷ್ಟು ಸರಳವಾದ ಲೆಕ್ಕ ಐವತ್ತೆಂಟನೆಯ ವಯಸ್ಸಿನಲ್ಲಿ ತನಗೆ ಹೊಳೆಯಬೇಕಾಯಿತೇ? ಆ ಹೊಸಬ, ಕೆನ್ನೆಯ ಗಡ್ಡವನ್ನು ಅಚ್ಚುಕಟ್ಟಾಗಿ ಕತ್ತರಿಸಿಕೊಂಡವನು, "ಭಾರ ಇದೆಯಾ ಸಾರ್? ನಾನು ಹಿಡೀಲಾ?" ಎಂದು ಕೇಳಿದ್ದ. ಕೇಳಿ, ಹಿಡಿದಿರಲಿಲ್ಲ.

ಮಾರ್ಚ್ ತಿಂಗಳಲ್ಲಿ ಪೆರ್ಮ್ ಊರಿನ ಬೀದಿಗಳು ಯಾರ ಮಾತನ್ನೂ ಕೇಳುವುದಿಲ್ಲ. ಹಗಲು ಬಿಸಿಲಿಗೆ ಕರಗಿದ್ದು ರಾತ್ರಿ ಗಾಜಾಗಿ ಹೆಪ್ಪುಗಟ್ಟುತ್ತದೆ, ಆ ಗಾಜಿನ ಮೇಲೆ ಬೆಳಿಗ್ಗೆ ಪುಡಿಹಿಮ ಬಿದ್ದು ಅದನ್ನು ಮುಚ್ಚಿಡುತ್ತದೆ. ಬೀದಿ ಗುಡಿಸುವ ಯಂತ್ರಗಳು ಚಳಿಗಾಲವೆಲ್ಲ ತಂದೊಟ್ಟಿದ ಹಿಮ ಫುಟ್‌ಪಾತಿನ ಒಂದು ಅಂಚಿನಲ್ಲಿ ಎದೆಯೆತ್ತರದ ಕೊಳಕು ದಿಬ್ಬವಾಗಿ ನಿಂತಿತ್ತು. ಇನ್ನೊಂದು ಬದಿಯಲ್ಲಿ ಹಳೆಯ ಕಟ್ಟಡಗಳ ಗೋಡೆ, ಗೋಡೆಯ ನೆತ್ತಿಯಲ್ಲಿ ಸೂರಿನಿಂದ ಇಳಿಬಿದ್ದ ಮಂಜುಗಡ್ಡೆ. ಗೋಡೆಯಿಂದ ಎರಡು ಮಾರು ಬಿಟ್ಟು ಕೋಲುಗಳಿಗೆ ಕೆಂಪು ಬಿಳಿ ಪಟ್ಟಿ ಕಟ್ಟಿದ್ದರು. ಪಟ್ಟಿಯ ಒಳಗೆ ಹೋಗಬೇಡಿ, ಮೇಲಿಂದ ಬೀಳುತ್ತದೆ ಎಂದು ಅದರ ಅರ್ಥ. ಪಟ್ಟಿಗೂ ದಿಬ್ಬಕ್ಕೂ ನಡುವೆ ಜನ ತುಳಿದು ತುಳಿದು ಆದ ದಾರಿ ಒಬ್ಬರಿಗೆ ಸಾಕಾಗುವಷ್ಟಿತ್ತು. ಎದುರಿಗೆ ಯಾರಾದರೂ ಬಂದರೆ ಇಬ್ಬರಲ್ಲಿ ಒಬ್ಬರು ದಿಬ್ಬದೊಳಗೆ ಕಾಲಿಡಬೇಕು. ಆ ಒಬ್ಬರು ಯಾವಾಗಲೂ ಅರ್ಕಾದಿಯೇ. ಎದುರಿನವರು ಇನ್ನೂ ದೂರವಿರುವಾಗಲೇ ಅವನ ಎಡಗಾಲು ತಾನಾಗಿ ಹಿಮದ ಕಡೆ ತಿರುಗುತ್ತಿತ್ತು. ಬೂಟಿನೊಳಕ್ಕೆ ಹಿಮ ಇಳಿದು ಕರಗುವ ಆ ತಣ್ಣನೆಯ ಉಂಗುರ ಅವನಿಗೆ ಎಷ್ಟು ರೂಢಿಯೆಂದರೆ, ಮನೆಯಲ್ಲಿ ಹೆಂಡತಿ ತಯಿಸಿಯಾ ಬಿಸಿನೀರಿನ ಕೊಳವೆಯ ಮೇಲೆ ಅವನದೇ ಕಾಲುಚೀಲಗಳಿಗೆಂದು ಒಂದು ಜಾಗ ಬಿಟ್ಟಿದ್ದಳು. ಅವನ ಅಪ್ಪನೂ ಹೀಗೇ. ಕಾರ್ಖಾನೆಯ ಮೇಲಧಿಕಾರಿ ಎದುರು ಬಂದರೆ ಅಪ್ಪ ತಾನು ಹಿಮಕ್ಕಿಳಿಯುವುದಷ್ಟೇ ಅಲ್ಲ, ಮಗನ ಕೊರಳಪಟ್ಟಿ ಹಿಡಿದು ಅವನನ್ನೂ ಇಳಿಸುತ್ತಿದ್ದ. "ಹಿಮ ತಾನೇ, ಒದರಿಕೊಂಡ್ರೆ ಹೋಗತ್ತೆ" ಎನ್ನುತ್ತಿದ್ದ. ಒದರಿಕೊಂಡರೂ ಹೋಗದೆ ಉಳಿದದ್ದೇನು ಎಂದು ಅಪ್ಪನನ್ನು ಕೇಳುವ ಹೊತ್ತಿಗೆ ಅಪ್ಪ ಇರಲಿಲ್ಲ.

ಇವತ್ತು ಬೇಡ, ಎಂದುಕೊಂಡ. ಇವತ್ತು ಎದುರಿಗೆ ಯಾರೇ ಬರಲಿ, ಸರಿಯುವುದಿಲ್ಲ. ಈ ನಿರ್ಧಾರ ಅವನ ನಗುವನ್ನು ಒರೆಸಿಹಾಕಿತು. ಕೆನ್ನೆಯ ಮಾಂಸ ಸಡಿಲಾದದ್ದು ಅವನಿಗೇ ತಿಳಿಯಿತು.

ಬಂದವಳು ಹಸಿರು ಕೋಟಿನ ಒಬ್ಬ ದಪ್ಪ ಹೆಂಗಸು, ಅರವತ್ತರ ಆಸುಪಾಸಿನವಳು. ದಾರದಿಂದ ಕಟ್ಟಿದ ಮೊಟ್ಟೆಯ ಟ್ರೇ ಒಂದನ್ನು ಎರಡೂ ಕೈಯಲ್ಲಿ ಮಗುವಿನ ಹಾಗೆ ಎದೆಗವಚಿಕೊಂಡು, ಒಂದೊಂದೇ ಹೆಜ್ಜೆ ಒತ್ತಿ ಒತ್ತಿ ಇಡುತ್ತ ಬರುತ್ತಿದ್ದಳು. ಅವನ ಮುಂದೆ ನಿಂತಳು. ಅವನೂ ನಿಂತ. "ಸ್ವಲ್ಪ ಆ ಕಡೆ ಸರೀತೀರಾ ಅಣ್ಣಾ? ಕೈತುಂಬ ಮೊಟ್ಟೆ ಇದೆ, ಈ ದಿಬ್ಬ ಹತ್ತೋಕೆ ನನ್ ಕೈಲಾಗಲ್ಲ" ಎಂದಳು. ಅವನು ಅವಳ ಕೋಟಿನ ಗುಂಡಿಯನ್ನೇ ನೋಡುತ್ತಿದ್ದ. ನಾಲ್ಕು ತೂತಿನ ಗುಂಡಿ, ಬೇರೆ ಬಣ್ಣದ ದಾರದಲ್ಲಿ ಹೊಲಿದದ್ದು. ತನ್ನ ಎಡಗಾಲು ರೂಢಿಯಂತೆ ಹೊರಳಲು ನೋಡಿದ್ದು ಗೊತ್ತಾಯಿತು, ಅದನ್ನು ನೆಲಕ್ಕೆ ಒತ್ತಿ ಹಿಡಿದ. ಇವಳಿಗೇಕೆ? ಮುಖ್ಯಸ್ಥೆಗಲ್ಲ, ಆ ಗಡ್ಡದವನಿಗಲ್ಲ, ಇವಳಿಗೇಕೆ? ಎಂದು ಒಳಗೊಂದು ದನಿ ಕೇಳಿದ್ದೂ ಹೌದು. ಯಾರಿಂದಲಾದರೂ ಶುರುವಾಗಬೇಕಲ್ಲ ಎಂದು ಅದಕ್ಕೆ ಉತ್ತರ ಕೊಟ್ಟಿದ್ದೂ ಹೌದು. ಹೆಂಗಸು ತಲೆ ಬಾಗಿಸಿ ಅವನ ಮುಖವನ್ನು ಕೆಳಗಿನಿಂದ ಇಣುಕಿ ನೋಡಿದಳು. ಆಮೇಲೆ ನಕ್ಕಳು. ಮೇಲಿನ ಸಾಲಿನಲ್ಲಿ ಕೋರೆಹಲ್ಲಿನ ಜಾಗಕ್ಕೆ ಚಿನ್ನದ ಹಲ್ಲು, ಹಳೆಯ ಕೆಲಸ, ವಸಡಿನ ಹತ್ತಿರ ಸವೆದಿದೆ ಎಂದು ಅವನ ಕಣ್ಣು ತಂತಾನೇ ಗುರುತು ಮಾಡಿಕೊಂಡಿತು. "ಓಹೋ, ಮಹಾರಾಜರ ಸವಾರಿ! ಆಯ್ತಪ್ಪ, ದಯಮಾಡಿಸಿ, ದಾರಿ ನಿಮ್ಮದೇ" ಎಂದಳು. ಕೋಪದಿಂದಲ್ಲ, ಹಟ ಮಾಡುವ ಬೆಕ್ಕಿಗೆ ಜಾಗ ಬಿಡುವವಳ ಹಾಗೆ. ಮೊಣಕೈಯಿಂದ ಪಟ್ಟಿಯನ್ನು ಮೇಲಕ್ಕೆತ್ತಿ, ಬಗ್ಗಿ ಒಳಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ನಿಂತಳು.

ಅವನು ಮುಂದೆ ನಡೆದ. ನಡೆಯುವಾಗ ಬಾಯಲ್ಲಿ ಒಂದು ಸಿಹಿ ಬಂತು. ನಿಜವಾಗಿ ಬಂತು, ನಾಲಗೆಯ ಬುಡದಲ್ಲಿ. ನಂತರದ ದಿನಗಳಲ್ಲಿ ಅವನು ಉಳಿದೆಲ್ಲವನ್ನೂ ಅನುಮಾನಿಸಿದ, ಆ ಸಿಹಿಯನ್ನು ಮಾತ್ರ ಅನುಮಾನಿಸಲಾಗಲಿಲ್ಲ. ಒದ್ದೆಯಾಗದ ಬೂಟು, ನೆಟ್ಟಗಿನ ಬೆನ್ನು, ತನಗಾಗಿ ಸರಿದು ನಿಂತ ಒಬ್ಬ ಮನುಷ್ಯಜೀವಿ. ಇಷ್ಟೇ ಸಾಕಿತ್ತೇ ಈವರೆಗೂ?

ಆಮೇಲೆ ಕತ್ತಿನ ಮೇಲೆ ಗಾಳಿ ಬಡಿಯಿತು. ಸದ್ದಿಗಿಂತ ಮೊದಲು ಗಾಳಿ. ಸದ್ದು ಅವನು ಅಂದುಕೊಂಡಿದ್ದಂತೆ ಇರಲಿಲ್ಲ. ಮರಳು ತುಂಬಿದ ಲಾರಿಯನ್ನು ಪಕ್ಕದ ಬೀದಿಯಲ್ಲಿ ಯಾರೋ ಒಮ್ಮೆಲೇ ಮಗುಚಿದ ಹಾಗೆ ಮಂದವಾಗಿ, ಭಾರವಾಗಿ ಕೇಳಿಸಿತು. ತಿರುಗಿದ. ಗೋಡೆಯ ಮೇಲೆ ಸೂರಿನ ಉದ್ದಕ್ಕೂ ಇದ್ದ ಮಂಜುಗಡ್ಡೆ ಇರಲಿಲ್ಲ. ಅಲ್ಲಿ ಹಸಿಹಸಿಯಾದ ಕಪ್ಪು ತಗಡು ಬಿಸಿಲಿಗೆ ಹೊಳೆಯುತ್ತಿತ್ತು. ಕೆಳಗೆ ಗೋಡೆಗೆ ಒರಗಿದಂತೆ ನೀಲಿ ಬಿಳಿ ತುಂಡುಗಳ ರಾಶಿ. ಪುಡಿ ಇನ್ನೂ ಗಾಳಿಯಲ್ಲಿ ಮಿನುಗುತ್ತ ಇಳಿಯುತ್ತಿತ್ತು, ಬಹಳ ಸುಂದರವಾಗಿ. ಅದನ್ನು ನೋಡುತ್ತ ನಿಂತ. ಎಲ್ಲಿ ಹೋದಳು ಎಂದು ಪಟ್ಟಿಯ ಆಚೆ ಈಚೆ ಹುಡುಕಿದ. ಎಲ್ಲೋ ಹೋಗಿರಬೇಕು, ದಾರಿ ಬಿಟ್ಟಾಯಿತಲ್ಲ, ಹೊರಟುಹೋಗಿರಬೇಕು. ಆಗ ರಾಶಿಯ ಅಂಚಿನಿಂದ ಹಳದಿ ಬಣ್ಣದ್ದೊಂದು ನಿಧಾನವಾಗಿ ಹೊರಗೆ ಹರಿದು ಬಂತು. ಹಿಮದ ಮೇಲೆ ಅಷ್ಟು ಹಳದಿಯನ್ನು ಅವನು ಎಂದೂ ಕಂಡಿರಲಿಲ್ಲ. ಹಳದಿಯ ಹಿಂದೆಯೇ ಕೆಂಪು ಬಂದು ಅದರೊಳಗೆ ಎಳೆಎಳೆಯಾಗಿ ಕಲಸಿಕೊಂಡಾಗ ಅವನ ಬಾಯಿಂದ ಹೊರಟ ಕೂಗು ಅವನಿಗೇ ಕೇಳಿಸಲಿಲ್ಲ.

ಕೈಯಿಂದಲೇ ಅಗೆದ. ಕೈಗವಸು ಎಲ್ಲಿ ಬಿಸಾಡಿದನೋ. ತುಂಡುಗಳು ಕಲ್ಲಿನಷ್ಟು ಗಟ್ಟಿ, ಅಂಚು ಹರಿತ. ಆ ಕಟ್ಟಡದ ಅಂಗಳ ಗುಡಿಸುವ ಬಕಿತ್, ಕಿರ್ಗಿಜ್ ನಾಡಿನವನು, ಸಲಿಕೆ ಹಿಡಿದು ಓಡಿ ಬಂದ. ಸಲಿಕೆಯಿಂದ ಅಗೆದರೆ ಅವಳಿಗೆ ತಾಗೀತೆಂದು ಅದನ್ನು ಎಸೆದು ಅವನೂ ಕೈ ಹಚ್ಚಿದ. "ಪಟ್ಟಿ ಕಟ್ಟಿದ್ದೆ ಅಣ್ಣಾ, ನಾನೇ ಕಟ್ಟಿದ್ದೆ, ನೀವು ನೋಡಿದ್ರಿ ತಾನೇ? ನೋಡಿದ್ರಿ ತಾನೇ?" ಎಂದು ಅಗೆಯುತ್ತಲೇ ಕೇಳುತ್ತಿದ್ದ. ಎದುರಿನ ಔಷಧಿ ಅಂಗಡಿಯ ಹೆಂಗಸು ಬಿಳಿ ಮೇಲಂಗಿಯಲ್ಲೇ ಓಡಿ ಬಂದು, ಹೊರಬಂದ ಮುಖವನ್ನು ನೋಡಿ, "ಅಯ್ಯೋ ದೇವರೇ, ಇದು ನಮ್ಮ ಕಪಿತೊಲಿನಾ! ಈಗಷ್ಟೇ ನನ್ನ ಹತ್ರ ಕೆಮ್ಮಿನ ಔಷಧಿ ತಗೊಂಡು ಹೋದ್ಲಲ್ರೀ" ಎಂದು ಬಾಯಿಗೆ ಕೈಯಿಟ್ಟುಕೊಂಡಳು. ಕಪಿತೊಲಿನಾಳ ಕಣ್ಣು ಅರ್ಧ ತೆರೆದಿತ್ತು. ಬಾಯಿ ತೆರೆದಿತ್ತು. ಚಿನ್ನದ ಹಲ್ಲು ಇತ್ತು. ಉಸಿರೂ ಇತ್ತು, ಆದರೆ ಅದು ಅವಳದಲ್ಲ, ಯಾರೋ ಅವಳೊಳಗೆ ಕುಳಿತು ಗರಗಸ ಎಳೆಯುತ್ತಿದ್ದ ಹಾಗಿತ್ತು.

ಆಂಬುಲೆನ್ಸ್ ಅವಳನ್ನು ಒಯ್ದ ಮೇಲೆ ಅವನನ್ನು ಔಷಧಿ ಅಂಗಡಿಯೊಳಗೆ ಕೂರಿಸಿದರು. ಬೆರಳುಗಳಿಗೆ ಬ್ಯಾಂಡೇಜು ಸುತ್ತಿದರು. ಎರಡು ಉಗುರು ಕಿತ್ತುಹೋಗಿತ್ತು. ಚಿಕ್ಕ ಲೋಟದಲ್ಲಿ ಎದೆಬಡಿತಕ್ಕೆ ಹಾಕುವ ಹನಿ ಕೊಟ್ಟರು. ಗುಂಪು ಕೂಡಿದ್ದವರೆಲ್ಲ ಅವನನ್ನು ಮುಟ್ಟಿ ನೋಡುತ್ತಿದ್ದರು, ಅವನೇನೋ ಗುಡಿಯ ಕಂಬ ಎನ್ನುವ ಹಾಗೆ. "ಒಂದು ಹೆಜ್ಜೆ! ಒಂದೇ ಹೆಜ್ಜೆ ಹಿಂದಿದ್ದಿದ್ರೆ!" ಎಂದಳು ಒಬ್ಬಳು. "ಮರುಜನ್ಮ ಇದು ನಿಮಗೆ" ಎಂದ ಇನ್ನೊಬ್ಬ. ಪೊಲೀಸ್ ಲೆಫ್ಟಿನೆಂಟ್ ಬಂದ. ಅವನ ಬೂಟಿನಿಂದ ಉದುರಿದ ಹಿಮ ನೆಲದ ಮೇಲೆ ಕರಗುವುದನ್ನೇ ನೋಡುತ್ತ ಅರ್ಕಾದಿ ಉತ್ತರ ಕೊಟ್ಟ.

"ಪಟ್ಟಿ ಕಟ್ಟಿತ್ತಾ?"

"ಕಟ್ಟಿತ್ತು."

"ಕಣ್ಣಿಗೆ ಕಾಣೋ ಹಾಗಿತ್ತಾ?"

"ಕಾಣ್ತಿತ್ತು."

"ಯಾರಾದ್ರೂ ಅವರನ್ನ ತಳ್ಳಿದ್ರಾ, ಒಳಗೆ ಹೋಗಿ ಅಂದ್ರಾ?"

"ಇಲ್ಲ. ಯಾರೂ ಏನೂ ಅನ್ಲಿಲ್ಲ."

"ಹಾಗಾದ್ರೆ ತಾನಾಗಿಯೇ ಹೋದ್ರು."

"ಆದರೆ ನಾನು..."

"ಆದರೆ ಗೀದರೆ ಎಲ್ಲ ಆಮೇಲೆ, ಸಾರ್. ನಿಮಗೆ ಆಘಾತ ಆಗಿದೆ. ತಾನಾಗಿಯೇ ಹೋದ್ರು, ಹೌದಾ ಅಲ್ವಾ?"

"ಹೌದು" ಎಂದ ಅರ್ಕಾದಿ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಬ್ಯಾಂಡೇಜಿನ ಕೈಯಲ್ಲಿ ಸಹಿ ಹಾಕಿದ. ಬಾಗಿಲ ಬಳಿ ಬಕಿತ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ, ಕಣ್ಣಲ್ಲಿ ನೀರು. "ನೀವು ಇದ್ದದ್ದು ಇದ್ದ ಹಾಗೆ ಹೇಳಿದ್ರಿ ಅಣ್ಣಾ. ಇಲ್ದಿದ್ರೆ ನನ್ನನ್ನ ಈ ಊರಿಂದ ಓಡಿಸಿಬಿಡ್ತಿದ್ರು" ಎಂದ. ಇದ್ದದ್ದು ಇದ್ದ ಹಾಗೆ.

ಮನೆಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಬಂದಿತ್ತು. ತಯಿಸಿಯಾ ಬಾಗಿಲಲ್ಲೇ ಅವನನ್ನು ತಬ್ಬಿಕೊಂಡು, ಅವನ ಟೋಪಿ, ಕಿವಿ, ಮೂಗು ಎಲ್ಲವನ್ನೂ ಇದೆಯೇ ಎಂದು ತಡವಿ ತಡವಿ ಅತ್ತಳು. ಪಕ್ಕದ ಮನೆಯ ಎಫಿಮ್, ರೈಲ್ವೆಯಿಂದ ನಿವೃತ್ತನಾದವನು, ಬ್ರಾಂದಿ ಬಾಟಲಿಯೊಂದಿಗೆ ಆಗಲೇ ಅಡುಗೆಮನೆಯಲ್ಲಿ ಕುಳಿತಿದ್ದ. "ಬಾರಯ್ಯಾ ಬಾ, ಹೊಸದಾಗಿ ಹುಟ್ಟಿದವನೇ! ಇನ್ಮೇಲೆ ವರ್ಷಕ್ಕೆ ಎರಡು ಹುಟ್ಟಿದಹಬ್ಬ ನಿಂದು, ಎರಡು ಸಲ ಕುಡಿಸ್ಬೇಕು ನೀನು!" ಎಂದು ಬೆನ್ನು ತಟ್ಟಿದ. ಮೇಜಿನ ಮೇಲೆ ಮಾಂಸದ ಕಡುಬುಗಳು ಹಬೆಯಾಡುತ್ತಿದ್ದವು, ಉಪ್ಪಿನಲ್ಲಿಟ್ಟ ಅಣಬೆ, ಹುಳಿಕೆನೆ. ಅವನು ತಿಂದ. ತಿನ್ನಬಲ್ಲೆ ಎಂಬುದೇ ಅವನನ್ನು ಬೆಚ್ಚಿಬೀಳಿಸಿತು. ಎರಡನೆಯ ಬಟ್ಟಲು ಬ್ರಾಂದಿ ಗಂಟಲಲ್ಲಿ ಇಳಿಯುವಾಗ ತಯಿಸಿಯಾ ಒಳಗೆ ಅವನ ಕೋಟು ಒದರುತ್ತಿದ್ದವಳು ಬಂದು, "ಅರ್ಕಾಶಾ, ಇದೇನು ಜೇಬಲ್ಲಿ?" ಎಂದು ಅಂಗೈ ಚಾಚಿದಳು. ಅಂಗೈಯಲ್ಲಿ ಒಂದು ಮೊಟ್ಟೆ. ಒಂದು ಬಿರುಕೂ ಇಲ್ಲದ, ಕಂದು ಬಣ್ಣದ ಮೊಟ್ಟೆ. ಯಾವಾಗ ಎತ್ತಿಕೊಂಡೆ? ಅಗೆಯುವಾಗಲೇ? ಅಷ್ಟೆಲ್ಲ ಒಡೆದದ್ದರ ನಡುವೆ ಒಡೆಯದ್ದೊಂದನ್ನು ಕಂಡು, ಕೈ ತಾನಾಗಿಯೇ ಅದನ್ನು ಎತ್ತಿ ಜೇಬಿಗೆ ಹಾಕಿತ್ತೇ? ಆ ಹೊತ್ತಿನಲ್ಲಿ? ಅವಳ ಮುಖ ಇನ್ನೂ ಮಂಜಿನಡಿ ಇರುವಾಗ? ಬಾಯಿ ತೆರೆಯುವಷ್ಟರಲ್ಲಿ ತಯಿಸಿಯಾ, "ಕೆಲಸದಲ್ಲಿ ಕೊಟ್ರಾ? ಒಂದೇ ಒಂದು?" ಎಂದು ನಕ್ಕು, ಫ್ರಿಜ್ ತೆಗೆದು ಅದನ್ನು ಉಳಿದ ಮೊಟ್ಟೆಗಳ ಜೊತೆ ಇಟ್ಟು ಮುಚ್ಚಿಬಿಟ್ಟಳು. ಎಫಿಮ್ ಹೋದ ಮೇಲೆ ಅವನು ಫ್ರಿಜ್ ತೆಗೆದು ನೋಡಿದ. ಎಲ್ಲವೂ ಕಂದು. ಎಲ್ಲವೂ ಒಂದೇ ಗಾತ್ರ. ಯಾವುದು ಅವಳದೆಂದು ಹೇಳಲು ಅವನಿಂದಾಗಲಿಲ್ಲ. ಬಣ್ಣದ ಸಣ್ಣ ವ್ಯತ್ಯಾಸ ಹಿಡಿಯುವುದೇ ಕಸುಬಾದ ಕಣ್ಣು ಅವನದು; ಆ ಕಣ್ಣು ಕೈಕೊಟ್ಟಿತು.

"ತಯಾ," ಎಂದ, ಅವಳು ತಟ್ಟೆ ತೊಳೆಯುತ್ತಿರುವಾಗ, "ಆಕೆ ನನ್ನನ್ನ ಸರೀರಿ ಅಂದ್ಲು. ನಾನು ಸರೀಲಿಲ್ಲ."

"ಸರೀದೇ ಇದ್ದದ್ದೇ ಒಳ್ಳೇದಾಯ್ತು ನೋಡು! ಸರಿದಿದ್ರೆ ಆ ಗೋಡೆ ಬುಡದಲ್ಲಿ ನೀನಿರ್ತಿದ್ದೆ."

"ಗೋಡೆ ಕಡೆಗಲ್ಲ. ನಾನು ದಿಬ್ಬದ ಕಡೆ ಸರೀತಿದ್ದೆ. ಯಾವತ್ತೂ ದಿಬ್ಬದ ಕಡೆಗೇ ಸರಿಯೋದು ನಾನು. ಆಕೆ ಕೈಲಿ ಮೊಟ್ಟೆ ಇತ್ತು, ದಿಬ್ಬ ಹತ್ತೋಕೆ ಆಗ್ತಿರ್ಲಿಲ್ಲ. ನಾನು ಸರಿದಿದ್ರೆ ಇಬ್ರೂ..."

ನೀರು ಬೀಳುವ ಸದ್ದು ನಿಂತಿತು. ತಯಿಸಿಯಾ ಬೆನ್ನು ತಿರುಗಿಸಿಕೊಂಡೇ ನಿಂತಿದ್ದಳು. ಆಮೇಲೆ ನಲ್ಲಿಯನ್ನು ಮತ್ತೆ ತಿರುಗಿಸಿ, ನೀರಿನ ಸದ್ದಿನೊಳಗೆ, ಅವನಿಗೆ ಕೇಳಿಸಲಿ ಎಂದೂ ಕೇಳಿಸದಿರಲಿ ಎಂದೂ ಎನ್ನುವ ದನಿಯಲ್ಲಿ ಹೇಳಿದಳು: "ಇದನ್ನ ಯಾರ ಹತ್ರಾನೂ ಹೇಳ್ಬೇಡ." ಅವಳಿಗೆ ಅರ್ಥವಾಗಿತ್ತು. ಅರ್ಥವಾಗುತ್ತದೆಂದು ಅವನು ಅಂದುಕೊಂಡಿರಲಿಲ್ಲ. ಅಯ್ಯೋ ಹುಚ್ಚಾ, ನಿನ್ನ ತಪ್ಪೇನಿದೆ ಅದರಲ್ಲಿ ಎನ್ನುತ್ತಾಳೆಂದು ಕಾದಿದ್ದ. ಮರುದಿನ ಬೆಳಿಗ್ಗೆ ಅವಳು ಮೊಟ್ಟೆ ಹುರಿದು ತಟ್ಟೆಗೆ ಹಾಕಿದಳು. ಅವನು ತಟ್ಟೆಯನ್ನು ದೂಡಿ ಎದ್ದ.

ಕೆಲಸಕ್ಕೆ ಹೋಗದೆ, ಕಪಿತೊಲಿನಾಳನ್ನು ಒಯ್ದಿದ್ದ ಆಸ್ಪತ್ರೆಗೆ ಹೋದ. ಮೂಲೆಯ ಅಂಗಡಿಯಲ್ಲಿ ಕಿತ್ತಳೆ ಕೊಂಡ. ಆ ದೊಡ್ಡಾಸ್ಪತ್ರೆ ಕಾಮಾ ನದಿಯ ದಂಡೆಯ ಮೇಲೆ ಏರಿನ ತುದಿಯಲ್ಲಿದೆ. ಟ್ರಾಮಿಳಿದು ಹತ್ತುವ ದಾರಿ ರಾತ್ರಿ ಹೆಪ್ಪುಗಟ್ಟಿ ಬೋರಲಿಟ್ಟ ಬಾಣಲೆಯಂತಾಗಿತ್ತು. ಪಕ್ಕದ ಕಬ್ಬಿಣದ ಕಂಬಿಯ ಮೇಲೂ ಬೆರಳು ದಪ್ಪದ ಮಂಜು. ಹತ್ತುತ್ತ ಅವಳಿಗೆ ಏನು ಹೇಳಬೇಕೆಂದು ಜೋಡಿಸಿಕೊಂಡ. ಮೊದಲು ಕಿತ್ತಳೆ ಕೊಡುವುದು. ಅವಳು, "ಓಹೋ, ಮಹಾರಾಜರು!" ಎನ್ನುತ್ತಾಳೆ. ಅನ್ನಲಿ. ಎಲ್ಲರೆದುರಿಗೆ ಅನ್ನಲಿ, ಇಡೀ ವಾರ್ಡಿಗೆ ಕೇಳುವ ಹಾಗೆ ಅನ್ನಲಿ. ಅವಳ ಚಿನ್ನದ ಹಲ್ಲನ್ನು ತೆಗೆದು ಹೊಸದು ಮಾಡಿಕೊಡುತ್ತೇನೆ, ಕಾರಿಡಾರಿನ ಬಲ್ಬಿನ ಕೆಳಗಾದರೂ ಸರಿ, ಒಳ್ಳೆಯದು ಮಾಡಿಕೊಡುತ್ತೇನೆ. ಹೀಗೆ ಯೋಚಿಸುತ್ತ ಅವನಿಗೆ ಹೆಚ್ಚುಕಡಿಮೆ ಸಂತೋಷವೇ ಆಗಿಬಿಟ್ಟಿತ್ತು.

ಕೆಳಗಿನ ಹಜಾರದಲ್ಲಿ ಕೋಟು ಇಡುವ ಕಟಕಟೆಯ ಎದುರು ಬೆಂಚಿನ ಮೇಲೆ ಒಬ್ಬ ಹೆಂಗಸು ಕುಳಿತಿದ್ದಳು, ಮೂವತ್ತೈದು ದಾಟಿದವಳು. ಕಾಲ ಬಳಿ ದೊಡ್ಡ ಪ್ಲಾಸ್ಟಿಕ್ ಚೀಲ. ಚೀಲದ ಬಾಯಿಂದ ಹಸಿರು ಬಟ್ಟೆಯ ತೋಳೊಂದು ಹೊರಗೆ ಇಣುಕಿತ್ತು. ಅವನು ಕಟಕಟೆಯವಳಿಗೆ ಕಪಿತೊಲಿನಾಳ ಹೆಸರು ಹೇಳಿದಾಗ ಬೆಂಚಿನವಳು ತಲೆಯೆತ್ತಿದಳು. "ಬೆಳಗಿನ ಜಾವ ಹೋದಳು ಅಮ್ಮ" ಎಂದಳು, ಟ್ರಾಮು ಹೊರಟುಹೋಯಿತು ಎಂದು ಹೇಳುವ ದನಿಯಲ್ಲಿ. "ನೀವು ಯಾರು?"

ಕಿತ್ತಳೆಯ ಚೀಲ ಅವನ ಕೈಯಲ್ಲಿ ಒಮ್ಮೆಲೇ ಅಸಹ್ಯವಾಗಿ ಭಾರವಾಯಿತು. "ನಾನು ಅಲ್ಲಿದ್ದೆ" ಎಂದ.

ಅವಳು ಅವನ ಬ್ಯಾಂಡೇಜಿನ ಬೆರಳುಗಳನ್ನು ನೋಡಿದಳು. ಮರುಕ್ಷಣ ಅವನ ಕೈ ಅವಳ ಎರಡೂ ಕೈಗಳ ನಡುವೆ ಇತ್ತು. "ಅಗೆದವರು ನೀವಾ? ಔಷಧಿ ಅಂಗಡಿಯವರು ಹೇಳಿದ್ರು, ಬರಿಗೈಲಿ ಅಗೆದ್ರು ಅಂತ. ನಾನು ರಿಮ್ಮಾ, ಅವರ ಮಗಳು. ಕೂತ್ಕೊಳ್ಳಿ. ಕೂತ್ಕೊಳ್ಳಿ, ದಮ್ಮಯ್ಯ." ಅವನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಕೈ ಬಿಡಲಿಲ್ಲ. "ಒಂದು ಹೇಳಿ ನನಗೆ. ಪೊಲೀಸಿನವರು ಬಂದಿದ್ರು. ತಾನಾಗಿಯೇ ಪಟ್ಟಿಯೊಳಗೆ ಹೋದಳು ಅಂತಾರೆ. ನನ್ನ ಅಮ್ಮ ಎಂಥವಳು ಅಂತ ನಿಮಗೆ ಗೊತ್ತಿಲ್ಲ. ಪಟ್ಟಿ ಕಂಡ್ರೆ ಆಚೆ ಬೀದಿಗೇ ಹೋಗಿಬಿಡೋಳು. ಚಳಿಗಾಲ ಶುರುವಾದ್ರೆ ಸಾಕು, ಫೋನ್ ಮಾಡಿ ಮಾಡಿ ತಲೆ ತಿನ್ನೋಳು: ಗೋಡೆ ಪಕ್ಕ ನಡೀಬೇಡ್ವೇ, ಮೇಲೆ ನೋಡ್ಕೊಂಡು ನಡಿಯೇ ಅಂತ. ಅಂಥವಳು ತಾನಾಗಿ ಯಾಕೆ ಹೋದಳು? ರಾತ್ರಿಯೆಲ್ಲ ಅದೇ ಯೋಚನೆ ನನಗೆ. ಮೊನ್ನೆ ಫೋನಲ್ಲಿ ಜಗಳ ಆಡಿದ್ದೆ. ಬೇಕಂತಲೇ... ಜೀವನ ಸಾಕು ಅನ್ನಿಸಿ ಏನಾದ್ರೂ..." ಮುಂದೆ ಹೇಳಲಾರದೆ ಅವಳು ಅವನ ಕೈಯನ್ನು ಜಗ್ಗಿದಳು. ಅವಳ ಮೇಲಿನ ಸಾಲಿನ ಹಲ್ಲು ಅಮ್ಮನದರಂತೆಯೇ ಸ್ವಲ್ಪ ಮುಂದೆ ಬಾಗಿದ್ದವು.

ಇದನ್ನ ಯಾರ ಹತ್ರಾನೂ ಹೇಳ್ಬೇಡ. ಹೇಳದಿರುವುದು ಎಷ್ಟು ಸುಲಭವಿತ್ತು! ಕಾಲು ಜಾರಿತೆಂದರೆ ಸಾಕಿತ್ತು. ನಿಮ್ಮಮ್ಮ ಜಾರಿ ಪಟ್ಟಿಯೊಳಗೆ ಹೋದರು, ಯಾರ ತಪ್ಪೂ ಅಲ್ಲ. ಇವಳ ಮುಖ ಹಗುರಾಗುತ್ತಿತ್ತು, ಇವನ ಕೈಗೆ ಮುತ್ತಿಡುತ್ತಿದ್ದಳೇನೋ. ಆ ಸುಳ್ಳು ಹಲ್ಲಿನ ಹಿಂದೆ ಸಿದ್ಧವಾಗಿ ನಿಂತಿತ್ತು, ಅವನು ಬಾಯಿ ತೆರೆದ.

"ಬೇಕಂತ ಅಲ್ಲ" ಎಂದ. "ಎದುರಿಂದ ಒಬ್ಬ ಬಂದ. ದಾರಿ ಒಬ್ಬರಿಗೆ ಮಾತ್ರ ಇತ್ತು. ಕೈತುಂಬ ಮೊಟ್ಟೆ ಇದೆ, ಸರೀರಿ ಅಂದ್ರು ನಿಮ್ಮಮ್ಮ. ಅವನು ಸರೀಲಿಲ್ಲ. ಆಮೇಲೆ ಅವರು ನಕ್ಕು, ಮಹಾರಾಜರ ಸವಾರಿ, ದಯಮಾಡಿಸಿ ಅಂತ ಹೇಳಿ ಒಳಗೆ ಹೋಗಿ ನಿಂತ್ರು. ಅವನಿಗೆ ದಾರಿ ಬಿಡೋಕೆ."

ರಿಮ್ಮಾ ಒಮ್ಮೆಲೇ ನಕ್ಕಳು. ಅಳುವಿನ ನಡುವೆ ಸಿಡಿದ ನಗು, ಕಟಕಟೆಯವಳು ತಿರುಗಿ ನೋಡಿದಳು. "ಅಮ್ಮನೇ! ಅದು ಅಮ್ಮನ ಮಾತೇ! ನಕ್ಕಳಾ? ನಿಜವಾಗ್ಲೂ ನಗ್ತಿದ್ಲಾ?"

"ನಗ್ತಿದ್ರು."

"ದೇವರೇ, ನಗ್ತಿದ್ಲಂತೆ." ಕಣ್ಣೊರೆಸಿಕೊಂಡಳು. ಅವಳ ಉಸಿರು ಮೊದಲ ಬಾರಿಗೆ ಆಳಕ್ಕೆ ಇಳಿಯಿತು. ಆಮೇಲೆ ನಿಧಾನವಾಗಿ, ಹಿಮದ ಕೆಳಗಿಂದ ನೀರು ಒಸರುವ ಹಾಗೆ, ಇನ್ನೊಂದು ಪ್ರಶ್ನೆ ಅವಳ ಮುಖಕ್ಕೆ ಬಂತು. "ಯಾರವನು? ಅವನನ್ನ ಕಂಡ್ರಾ ನೀವು?"

"ನಾನೇ" ಎಂದ ಅರ್ಕಾದಿ ಫೊಮಿಚ್.

ಅವಳಿಗೆ ಕೇಳಿಸಲಿಲ್ಲವೆನಿಸಿತು. ಅವಳ ಕೈ ಅವನ ಕೈಯ ಮೇಲೆ ಹಾಗೇ ಇತ್ತು, ಮರೆತುಹೋದ ವಸ್ತುವಿನಂತೆ. ಆಮೇಲೆ ಅದನ್ನು ಅವಳು ತೆಗೆದಳು. ಕಿತ್ತುಕೊಳ್ಳಲಿಲ್ಲ, ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. "ಸರಿದಿದ್ರೆ ಏನಾಗ್ತಿತ್ತು?" ಎಂದು ಕೇಳಿದಳು.

"ಬೂಟೊಳಗೆ ಹಿಮ ಹೋಗ್ತಿತ್ತು."

"ಅಷ್ಟೇನಾ?"

"ಅಷ್ಟೇ."

"ಮತ್ತೆ ಯಾಕೆ ಸರೀಲಿಲ್ಲ?"

ಅವನು ಹೇಳಲು ನೋಡಿದ. ಆಸ್ಪತ್ರೆ, ಮುಖ್ಯಸ್ಥೆ, ಕಿಟಕಿ, ತಾನು ನಕ್ಕಿದ್ದು. ಒಳಗಿರುವಾಗ ಒಂದು ಇಡೀ ಬದುಕಿನಷ್ಟು ದೊಡ್ಡದಾಗಿದ್ದದ್ದು ತುಟಿ ದಾಟಿದೊಡನೆ ಮುದುಡಿ ಚೂರಾಗುತ್ತಿತ್ತು. "ನಿನ್ನೆ ಬೆಳಿಗ್ಗೆ ನನ್ನ ಮೇಜನ್ನ ಕಿಟಕಿ ಪಕ್ಕದಿಂದ ತೆಗೆದ್ರು" ಎಂದ.

"ಮೇಜು?" ಎಂದಳು ರಿಮ್ಮಾ.

"ಮೇಜು."

ಅವಳು ಅವನನ್ನು ನೋಡಿದಳು. ಬೈಯುತ್ತಾಳೆ ಎಂದು ಕಾದ, ಹೊಡೆಯುತ್ತಾಳೆ ಎಂದು ಕಾದ. ಅವಳ ಕಣ್ಣಲ್ಲಿ ಇದ್ದದ್ದು ಅದಾವುದೂ ಅಲ್ಲ, ಬರೀ ಬೆರಗು. ಮನುಷ್ಯರು ಇಂಥದಕ್ಕೆಲ್ಲ ಸಾಯುತ್ತಾರೆ ಎಂಬುದು ಅವಳಿಗೆ ಈಗ ತಿಳಿದಂತಿತ್ತು. ಎದ್ದು ಚೀಲವನ್ನು ಎತ್ತಿಕೊಂಡಳು. "ಇದನ್ನ ಪೊಲೀಸಿನವರಿಗೆ ಹೇಳಿ" ಎಂದಳು. "ಕಾನೂನಿಗೆ ಬೇಕೋ ಬೇಡ್ವೋ, ನನಗೆ ಗೊತ್ತಿಲ್ಲ. ಅವಳು ತಾನಾಗಿಯೇ ಹೋಗ್ಲಿಲ್ಲ ಅಂತ ಅಲ್ಲಿ ಬರೆದಿರಬೇಕು."

"ಈಗಲೇ ಹೋಗ್ತೀನಿ."

ಅವಳು ಹೊರಟಳು. ಅವನು ಕಿತ್ತಳೆಯನ್ನು ಬೆಂಚಿನ ಮೇಲೆ ಬಿಟ್ಟು, ದೂರವೇ ಉಳಿದು, ಹಿಂದೆ ಬಂದ. ಹೊರಗೆ ಬಿಸಿಲು ಕಣ್ಣು ಚುಚ್ಚುವಂತಿತ್ತು. ಇಳಿಜಾರಿನ ಮೇಲ್ಪದರ ಕರಗಿ ನೀರಾಗಿತ್ತು, ನೀರಿನ ಕೆಳಗೆ ಗಾಜು. ರಿಮ್ಮಾ ಮೊದಲ ಹೆಜ್ಜೆಗೇ ಜಾರಿ ಕುಕ್ಕರಿಸಿದಳು. ಚೀಲ ಕೈಯಿಂದ ತಪ್ಪಿ ಒಂದಷ್ಟು ದೂರ ಜಾರಿ ಹೋಗಿ ಕಂಬಿಯ ಬುಡಕ್ಕೆ ಬಡಿದು ನಿಂತಿತು. ಅದರಿಂದ ಅಮ್ಮನ ಬೂಟೊಂದು ಹೊರಗುರುಳಿತು. ಕಂಬಿ ಹಿಡಿದು ಏಳಲು ನೋಡಿದಳು, ಕೈ ಜಾರಿತು. ಮತ್ತೆ ನೋಡಿದಳು, ಮತ್ತೆ ಜಾರಿತು. ಅರ್ಕಾದಿ ಅಡ್ಡಡ್ಡ ಹೆಜ್ಜೆಯಿಡುತ್ತ ಇಳಿದು, ಬೂಟನ್ನು ಚೀಲಕ್ಕೆ ಹಾಕಿ, ಚೀಲವನ್ನು ಹೆಗಲಿಗೆ ತಗುಲಿಸಿಕೊಂಡು, ಅವಳಿದ್ದಲ್ಲಿಗೆ ಬಂದು ಕೈ ಚಾಚಿದ. ಅವಳು ಸುತ್ತಲೂ ನೋಡಿದಳು. ಬೇರೆ ಯಾರೂ ಇರಲಿಲ್ಲ. ಕೆಳಗೆ ಟ್ರಾಮು ಬಂದು ನಿಂತಿತ್ತು, ಸತ್ತ ಅಮ್ಮನಿಗಾಗಿ ಓಡಾಡಬೇಕಾದ ಕೆಲಸಗಳು ಊರತುಂಬ ರಿಮ್ಮಾಳಿಗೆ ಕಾದಿದ್ದವು. ಅವನ ಕೈ ಹಿಡಿದಳು.

ಇಬ್ಬರೂ ಇಳಿಯತೊಡಗಿದರು. ಅವಳು ಭಾರವಾಗಿದ್ದಳು, ಒಂದೊಂದು ಸಲ ಕಾಲು ಹೋದಾಗಲೂ ಆ ಭಾರವೆಲ್ಲ ಅವನ ಕಿತ್ತ ಉಗುರುಗಳ ಮೇಲೆ ಬೀಳುತ್ತಿತ್ತು. ಬ್ಯಾಂಡೇಜು ಒದ್ದೆಯಾಗುವುದು ಗೊತ್ತಾಗುತ್ತಿತ್ತು. ನಡುದಾರಿಯಲ್ಲಿ ಅವನೇ ಜಾರಿದ. ಮೊಣಕಾಲು ಮಂಜಿಗೆ ಅಪ್ಪಳಿಸಿತು. ಆಗ ಅವಳೇ ಅವನ ತೋಳನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದಳು; ಅವಳ ಬಿಸಿಯುಸಿರು ಅವನ ಕಿವಿಗೆ ತಾಗಿತು. "ಬಿಡಬೇಡಿ" ಎಂದಳು, ಹಲ್ಲು ಕಚ್ಚಿಕೊಂಡು, ದ್ವೇಷದಿಂದ. "ಕೆಳಗೆ ಹೋಗೋ ತನಕ ಬಿಡಬೇಡಿ."

ಅವನು ಬಿಡಲಿಲ್ಲ. ಇಳಿಜಾರು ಮುಗಿದು ಮರಳು ಚೆಲ್ಲಿದ ನೆಲ ಕಾಲಡಿ ಕರಕರ ಎಂದಿತು. ಟ್ರಾಮಿನ ಬಾಗಿಲು ತೆರೆದೇ ಇತ್ತು, ಚಾಲಕಿ ಕಾಯುತ್ತಿದ್ದಳು. ರಿಮ್ಮಾ ಅವನ ಹೆಗಲಿನಿಂದ ಚೀಲವನ್ನು ತೆಗೆದುಕೊಂಡಳು.

"ಇನ್ನು ಬಿಡಿ" ಎಂದಳು.

ಅವನು ತನ್ನ ಕೈಯನ್ನು ನೋಡಿದ. ರಕ್ತ ಒಸರಿದ ಬಟ್ಟೆಯೊಳಗೆ ಬೆರಳುಗಳು ಅವಳ ತೋಳನ್ನು ಹಿಡಿದೇ ಇದ್ದವು. ಬಿಡಬೇಕೆಂದು ಅವಕ್ಕೆ ಹೇಳಿದ, ಅವು ಕೇಳಲಿಲ್ಲ.

"ಬಿಡಿ ಅಂದೆ."

ಇನ್ನೊಂದು ಕೈ ತಂದು, ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ.